ತಂತ್ರಜ್ಞಾನ ಬಂದ ಮೇಲೆ ಸರಣಿ ಹಂತಕರು ಬೇಗ ಸಿಕ್ಕಿಬೀಳುತ್ತಿದ್ದಾರೆಯೇ?



ವಾಗೆನಿಂಗನ್ ಎಂದರೆ ಬೀಜ, ಮಣ್ಣು, ಆಲೂಗಡ್ಡೆಯ ಊರು. ಇಲ್ಲಿ ನಿಂತು ಕೊಲೆಗಾರರ ವಿಷಯ ಮಾತಾಡುವುದು ವಿಚಿತ್ರ ಅನ್ನಿಸಬಹುದು. ಆದರೆ ನಮ್ಮ ಸಭೆಯನ್ನೊಮ್ಮೆ ನೋಡಿ. ಒಬ್ಬರು ಚಿಪ್ ತಯಾರಿಸುವ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುತ್ತಾರೆ, ಒಬ್ಬರು ಮೊಬೈಲ್ ಜಾಲದ ಕೆಲಸದಲ್ಲಿದ್ದಾರೆ, ಇನ್ನೊಬ್ಬರು ಬ್ಯಾಂಕಿನ ದತ್ತಾಂಶ ನೋಡುತ್ತಾರೆ, ನನ್ನಂಥ ಕೆಲವರು ಗಿಡಗಳ ಡಿಎನ್‌ಎ ಓದುತ್ತೇವೆ. ಪೊಲೀಸರು ಇಂದು ಹಂತಕನನ್ನು ಹಿಡಿಯಲು ಬಳಸುವ ಸಾಮಾನುಗಳೆಲ್ಲ ಇವೇ. ಹಾಗಾಗಿ ‘ಡಿಎನ್‌ಎ ಇದೆ, ಸಿಸಿಟಿವಿ ಇದೆ, ಮೊಬೈಲ್ ಇದೆ, ಇನ್ನು ಯಾರೂ ಇಪ್ಪತ್ತು ಜನರನ್ನು ಕೊಂದು ತಪ್ಪಿಸಿಕೊಳ್ಳಲಾರರು’ ಎಂದು ಯಾರಾದರೂ ಹೇಳಿದರೆ ಅದು ನಿಜವೋ ಅಲ್ಲವೋ ಎಂದು ನೋಡುವ ಹೊಣೆ ನಮ್ಮ ಮೇಲೆ ಸ್ವಲ್ಪ ಹೆಚ್ಚೇ ಇದೆ. ಆ ಮಾತು ಅರ್ಧ ನಿಜ ಎಂಬುದು ನನ್ನ ಅಭಿಪ್ರಾಯ. ಉಳಿದ ಅರ್ಧ ಏನೆಂದು ತಿಳಿಯಲು ನಮ್ಮ ಜಿಲ್ಲೆಯ ಪ್ರಕರಣವೊಂದೇ ಸಾಕು.

ದಕ್ಷಿಣ ಕನ್ನಡದವರಿಗೆ ಹೆಸರು ಹೇಳಬೇಕಾಗಿಲ್ಲ. ಬಂಟ್ವಾಳ ತಾಲೂಕು ಕನ್ಯಾನದ ಮೋಹನ್ ಕುಮಾರ್, ಪತ್ರಿಕೆಗಳ ಬಾಯಲ್ಲಿ ‘ಸಯನೈಡ್ ಮೋಹನ್’. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವ. 2003ರಿಂದ 2009ರ ನಡುವೆ ದಕ್ಷಿಣ ಕನ್ನಡ, ಕೊಡಗು, ಕಾಸರಗೋಡು ಕಡೆಯ ಇಪ್ಪತ್ತು ಮಂದಿ ಹೆಂಗಸರನ್ನು ಕೊಂದ ಆರೋಪ ಅವನ ಮೇಲೆ ಬಂತು. ಬೀಡಿ ಕಟ್ಟುವ, ಅಡುಗೆ ಕೆಲಸ ಮಾಡುವ ಬಡ ಮನೆಗಳ ಹೆಣ್ಣುಮಕ್ಕಳು. ವರದಕ್ಷಿಣೆಗೆ ಗತಿಯಿಲ್ಲದೆ ಮದುವೆ ನಿಂತುಹೋದವರು. ಅವನು ಸುಳ್ಳು ಹೆಸರು ಹೇಳಿಕೊಂಡು, ಕೆಲವರಿಗೆ ಅವರದೇ ಜಾತಿಯವನೆಂದು ನಂಬಿಸಿ, ವರದಕ್ಷಿಣೆ ಬೇಡ ಎನ್ನುತ್ತಿದ್ದ. ಮನೆಯಲ್ಲಿದ್ದ ಚಿನ್ನ ಹಾಕಿಕೊಂಡು ಬಾ ಎಂದು ಕರೆದು ಮೈಸೂರಿಗೋ ಬೆಂಗಳೂರಿಗೋ ಮಡಿಕೇರಿಗೋ ಹೊರಡುತ್ತಿದ್ದ. ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಒಡವೆಯನ್ನು ರೂಮಿನಲ್ಲೇ ಬಿಡಿಸಿ ಬಸ್ ನಿಲ್ದಾಣಕ್ಕೆ ಕರೆತರುತ್ತಿದ್ದ. ಗರ್ಭ ನಿಲ್ಲದಿರಲು ಈ ಮಾತ್ರೆ ತಗೋ, ವಾಂತಿ ಬರಬಹುದು, ಶೌಚಾಲಯದ ಒಳಗೆ ಹೋಗಿ ತಗೋ ಎನ್ನುತ್ತಿದ್ದ. ಅದು ಸಯನೈಡ್. ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶ ಅದನ್ನು ಬಳಸಿಕೊಳ್ಳದಂತೆ ಮಾಡುವ ವಿಷ. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಅವನು ಲಾಡ್ಜಿಗೆ ಮರಳಿ ಒಡವೆ ತೆಗೆದುಕೊಂಡು ಊರಿಗೆ ಹೋಗುತ್ತಿದ್ದ.

ಪೊಲೀಸರ ಕಡೆಯಿಂದ ಇದೇ ದೃಶ್ಯವನ್ನು ನೋಡಿ. ಮಹಿಳಾ ಶೌಚಾಲಯದ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ. ಒಡೆದು ನೋಡಿದರೆ ಹೆಣ. ಗಾಯವಿಲ್ಲ, ಚೀಲವಿಲ್ಲ, ಗುರುತಿನ ಚೀಟಿಯಿಲ್ಲ. ಆತ್ಮಹತ್ಯೆ ಇರಬೇಕೆಂದು ಯು.ಡಿ.ಆರ್. ಬರೆಯುತ್ತಾರೆ, ಎಂದರೆ ಅಸ್ವಾಭಾವಿಕ ಮರಣದ ಪ್ರಕರಣ. ಕೆಲವು ದಿನ ಕಾದು, ವಾರಸುದಾರರು ಬರದಿದ್ದರೆ ದಫನ್. ಫೋಟೋ ಒಂದು ಕಡತದಲ್ಲಿ ಉಳಿಯುತ್ತದೆ. ಮುಂದಿನ ಹೆಣ ಬೇರೆ ಊರಿನಲ್ಲಿ, ಬೇರೆ ಠಾಣೆಯ ಸರಹದ್ದಿನಲ್ಲಿ. ಒಂದು ಕಡತಕ್ಕೂ ಇನ್ನೊಂದಕ್ಕೂ ಪರಿಚಯವಿಲ್ಲ.

ಇನ್ನು ಮನೆಯವರ ಕಡೆ. ಮಗಳು ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ಹೋದವಳು ಬರಲಿಲ್ಲ. ಯಾರನ್ನೋ ಮದುವೆಯಾಗಿ ಎಲ್ಲೋ ಸುಖವಾಗಿದ್ದಾಳೆ ಎಂದುಕೊಂಡ ಮನೆಗಳಿದ್ದವು. ಠಾಣೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ತಂಗಿಯರ ಮದುವೆ ಇನ್ನೂ ಆಗಬೇಕು. ಹಾಗಾಗಿ ಒಂದು ಕಡೆ ಹೆಸರಿಲ್ಲದ ಹೆಣ, ಇನ್ನೊಂದು ಕಡೆ ಹೆಣವಿಲ್ಲದ ಹೆಸರು. ಇವೆರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಆರು ವರ್ಷ ಯಾರೂ ಇರಲಿಲ್ಲ.

2009ರ ಜೂನ್‌ನಲ್ಲಿ ಬಂಟ್ವಾಳದ ಬರಿಮಾರಿನಿಂದ 22 ವರ್ಷದ ಯುವತಿಯೊಬ್ಬಳು ಕಾಣೆಯಾದಳು. ಈ ಸಲ ಊರು ಸುಮ್ಮನಿರಲಿಲ್ಲ. ಅನ್ಯಧರ್ಮದ ಹುಡುಗನೊಬ್ಬ ಹಾರಿಸಿಕೊಂಡು ಹೋದ ಎಂಬ ಗುಲ್ಲೆದ್ದಿತು, ಠಾಣೆಯ ಮುಂದೆ ಪ್ರತಿಭಟನೆಯಾಯಿತು. ಒತ್ತಡ ಬಿದ್ದು ಪೊಲೀಸರು ಅವಳ ಮೊಬೈಲಿನ ಕರೆಪಟ್ಟಿ ತರಿಸಿದರು. ಪದೇ ಪದೇ ಬಂದ ಒಂದು ನಂಬರು ಮಡಿಕೇರಿ ಕಡೆಯ ಹೆಂಗಸೊಬ್ಬಳದ್ದು. ವಿಚಾರಿಸಿದರೆ ಅವಳೂ ಕಾಣೆ. ಅವಳ ಕರೆಪಟ್ಟಿ ತೆಗೆದರೆ ಕಾಸರಗೋಡಿನ ಇನ್ನೊಬ್ಬಳ ನಂಬರು. ಅವಳೂ ಕಾಣೆ. ಅಲ್ಲಿಂದ ಪುತ್ತೂರಿನ ಕಡೆಯ ಮತ್ತೊಬ್ಬಳು. ಸತ್ತವಳ ಫೋನಿನಿಂದ ಮುಂದಿನವಳಿಗೆ ಕರೆ ಮಾಡುವುದು ಅವನ ಪದ್ಧತಿ. ತನ್ನ ಹೆಸರಿನ ಸಿಮ್ ಎಲ್ಲೂ ಬೇಡವೆಂದು ಮಾಡಿಕೊಂಡ ಆ ಉಪಾಯವೇ ಕಾಣೆಯಾದವರನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿಕೊಟ್ಟಿತು. ಆ ಫೋನುಗಳು ಒಂದಲ್ಲ ಒಂದು ಹೊತ್ತು ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಕಡೆ ಸದ್ದು ಮಾಡಿದ್ದವು. ಒಂದು ಫೋನನ್ನು ಹುಡುಗನೊಬ್ಬ ಬಳಸುತ್ತಿದ್ದ. ಯಾರು ಕೊಟ್ಟದ್ದೆಂದರೆ, ತನ್ನ ಸಂಬಂಧಿಕ ಮೋಹನ್ ಕುಮಾರ್ ಎಂದ. ಅಕ್ಟೋಬರ್‌ನಲ್ಲಿ ಬಂಧನವಾಯಿತು.

ಆರು ವರ್ಷ ಒಂದು ಲೆಕ್ಕ, ನಾಲ್ಕು ತಿಂಗಳು ಇನ್ನೊಂದು ಲೆಕ್ಕ. ಪೊಲೀಸರು ಕೇಳಿದ ಮೇಲೆ ತಂತ್ರಜ್ಞಾನಕ್ಕೆ ಬೇಕಾದದ್ದು ನಾಲ್ಕು ತಿಂಗಳು, ಅದರಲ್ಲೂ ಹೆಚ್ಚಿನದು ಮನುಷ್ಯರ ಓಡಾಟಕ್ಕೆ ಹೋಗಿರಬೇಕು. ಕರೆಪಟ್ಟಿ ಎಂಬುದು ಬಿಲ್ಲು ಮಾಡಲೆಂದು ಮೊಬೈಲ್ ಕಂಪೆನಿ ಹೇಗೂ ಬರೆದಿಡುವ ಲೆಕ್ಕ. ಮೊದಲು ಕಾಣೆಯಾದವರ ಹೊತ್ತಿಗೂ ಯಾರಾದರೂ ಕೇಳಿದ್ದರೆ ಏನಾದರೂ ಸಿಗುತ್ತಿತ್ತೋ ಏನೋ. ಕೇಳಲು ಕಾರಣವೇ ಹುಟ್ಟಿರಲಿಲ್ಲ.

2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ಕೊಟ್ಟಿತು. 2017ರಲ್ಲಿ ಹೈಕೋರ್ಟ್ ಬರಿಮಾರಿನ ಪ್ರಕರಣದ ಶಿಕ್ಷೆಯನ್ನು ಸಾಯುವವರೆಗಿನ ಜೀವಾವಧಿಗೆ ಇಳಿಸಿತು, ಇನ್ನೊಂದು ಪ್ರಕರಣದಲ್ಲಿ ಖುಲಾಸೆಯನ್ನೂ ಮಾಡಿತು. ಇಪ್ಪತ್ತನೆಯ ಮತ್ತು ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ, ಕಾಸರಗೋಡಿನ ಹೆಣ್ಣುಮಗಳೊಬ್ಬಳದ್ದು. ಹಿಡಿಯುವುದು ಬೇರೆ, ಒಂದೊಂದು ಸಾವನ್ನೂ ನ್ಯಾಯಾಲಯದಲ್ಲಿ ರುಜುವಾತು ಮಾಡುವುದು ಬೇರೆ. ಎರಡನೆಯದಕ್ಕೆ ಹತ್ತು ವರ್ಷ ಮಿಕ್ಕಿ ಹಿಡಿಯಿತು.

ಇದು ಒಂದೇ ಎನ್ನಬೇಡಿ. ಬೆಂಗಳೂರಿನ ಹತ್ತಿರದ ಕಗ್ಗಲೀಪುರದ ಕೆಂಪಮ್ಮ 1999ರಲ್ಲಿ ಮೊದಲ ಕೊಲೆ ಮಾಡಿ, 2007ರ ಕೊನೆಯ ಕೆಲವೇ ತಿಂಗಳಲ್ಲಿ ಇನ್ನೂ ಐದು ಮಂದಿಯನ್ನು ಕೊಂದಳು. ದೇವಸ್ಥಾನಗಳಲ್ಲಿ ಕಷ್ಟ ಹೇಳಿಕೊಳ್ಳುವ ಹೆಂಗಸರಿಗೆ ವಿಶೇಷ ಪೂಜೆಯ ಆಸೆ ತೋರಿಸಿ ಸಯನೈಡ್ ಕೊಡುತ್ತಿದ್ದಳು. ಬೇರೆ ಬೇರೆ ಕ್ಷೇತ್ರ, ಬೇರೆ ಬೇರೆ ಠಾಣೆ. ಅದೇ ಕಥೆ.

‘ಅದು ಆಗ, ಈಗ ಹಾಗಿಲ್ಲ’ ಎನ್ನುವವರಿಗೆ ಒಂದಿಷ್ಟು ಉತ್ತರ. ಈಗ ಬಸ್ ನಿಲ್ದಾಣದಲ್ಲಿ ಸಿಸಿಟಿವಿ ಇದೆ, ಲಾಡ್ಜಿನಲ್ಲಿ ಆಧಾರ್ ಕೇಳುತ್ತಾರೆ, ಸಿಮ್‌ಗೂ ಗುರುತು ಕೊಡಬೇಕು. ಮೋಹನನಂಥವನಿಗೆ ಕಷ್ಟವಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಸಿಸಿಟಿವಿಯ ಚಿತ್ರ ಕೆಲವು ವಾರಗಳಲ್ಲಿ ಅಳಿದು ಅದರ ಮೇಲೆ ಹೊಸದು ಕೂರುತ್ತದೆ. ಕರೆಪಟ್ಟಿಯನ್ನು ಭಾರತದ ಕಂಪೆನಿಗಳು ಮೊದಲು ಒಂದು ವರ್ಷ ಇಡಬೇಕಿತ್ತು, 2021ರ ಡಿಸೆಂಬರ್‌ನಿಂದ ಎರಡು ವರ್ಷ. ಈ ದೇಶದಲ್ಲಂತೂ ಹಾಗೆ ಕಡ್ಡಾಯವಾಗಿ ಇಡಿಸುವ ಕಾನೂನನ್ನು 2015ರಲ್ಲಿ ಡೆನ್ ಹಾಗ್‌ನ ನ್ಯಾಯಾಲಯ ಎಲ್ಲರ ಖಾಸಗಿತನಕ್ಕೆ ಧಕ್ಕೆ ಎಂದು ಬದಿಗಿಟ್ಟಿತು. ದತ್ತಾಂಶಕ್ಕೂ ಹಾಲಿನಂತೆ ಒಂದು ಅವಧಿ ಇದೆ. ಹೆಣ ಸಿಕ್ಕ ದಿನ ಆತ್ಮಹತ್ಯೆ ಎಂದು ಬರೆದರೆ ಅವಧಿ ಅಲ್ಲಿಂದಲೇ ಓಡತೊಡಗುತ್ತದೆ.

ಇನ್ನು ನನ್ನ ಕಸುಬಿಗೆ ಹತ್ತಿರದ ಡಿಎನ್‌ಎ ಕಡೆ ಬರುತ್ತೇನೆ. ಎರಡು ಆಲೂಗಡ್ಡೆ ತಳಿ ಒಂದೇನಾ ಬೇರೆಯಾ ಎಂದು ನಾವು ಹೇಗೆ ನೋಡುತ್ತೇವೆ? ಡಿಎನ್‌ಎಯಲ್ಲಿ ಕೆಲವು ಕಡೆ ಎರಡು, ಮೂರು, ನಾಲ್ಕು ಅಕ್ಷರಗಳ ತುಣುಕು ತೊದಲಿದ ಹಾಗೆ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದು ತಳಿಯಿಂದ ತಳಿಗೆ ಬೇರೆ. ಅಂಥ ಹಲವು ಜಾಗಗಳನ್ನು ಎಣಿಸಿದರೆ ತಳಿಯ ಗುರುತು ಸಿಕ್ಕಿತು. ಪೊಲೀಸ್ ಪ್ರಯೋಗಾಲಯ ಮನುಷ್ಯನಲ್ಲಿ ಮಾಡುವುದೂ ಇದನ್ನೇ, ಸುಮಾರು ಇಪ್ಪತ್ತು ಜಾಗಗಳಲ್ಲಿ. ಆ ಅಂಕಿಗಳ ಸಾಲು ನಿಮ್ಮ ರೋಗವನ್ನೂ ಬಣ್ಣವನ್ನೂ ಹೇಳುವುದಿಲ್ಲ. ಇನ್ನೊಂದು ಸಾಲಿನೊಂದಿಗೆ ಹೊಂದುತ್ತದೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಹಾಗಾದರೆ ಇನ್ನೊಂದು ಸಾಲು ಬೇಕಲ್ಲ? ಅಲ್ಲೇ ಇರುವುದು ತೊಡಕು. ಮೈಸೂರಿನ ಶೌಚಾಲಯದಲ್ಲಿ ಸಿಕ್ಕ ಹೆಣದಿಂದ ಮಾದರಿ ತೆಗೆದಿಟ್ಟಿದ್ದರೂ ಹೋಲಿಸಿ ನೋಡಲು ಯಾವ ಭಂಡಾರ ಇತ್ತು?

ಡಿಎನ್‌ಎ ಮೊದಲ ಸಲ ಕೊಲೆ ತನಿಖೆಗೆ ಬಂದಾಗ ಏನು ಮಾಡಿತೆಂಬುದು ತುಂಬ ಜನರಿಗೆ ಗೊತ್ತಿಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿ, ಹದಿನೇಳರ ಹುಡುಗನೊಬ್ಬ ಒಂದನ್ನು ಒಪ್ಪಿಕೊಂಡಿದ್ದ. ಪರೀಕ್ಷೆ ಮಾಡಿದರೆ ಎರಡನ್ನೂ ಮಾಡಿದವ ಒಬ್ಬನೇ, ಆದರೆ ಈ ಹುಡುಗ ಅಲ್ಲ. ಹಿಡಿಯುವುದಕ್ಕೆ ಮೊದಲು ಅದು ಬಿಡಿಸಿತು. ಆಮೇಲೆ ಆಸುಪಾಸಿನ ಗಂಡಸರೆಲ್ಲರ ಮಾದರಿ ತೆಗೆದರು. ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲಿಗೆ ಜೊತೆ ಕೆಲಸಗಾರನನ್ನು ಕಳಿಸಿದ್ದ. ಆ ಜೊತೆಗಾರ ಪಬ್ಬಿನಲ್ಲಿ ಕೂತು ಬಾಯಿಬಿಟ್ಟದ್ದರಿಂದ ಸಿಕ್ಕಿಬಿದ್ದ. ಪಬ್ಬಿನ ಹರಟೆ ಇಲ್ಲದೆ ಪ್ರಯೋಗಾಲಯಕ್ಕೆ ದಾರಿ ಇರಲಿಲ್ಲ.

ನಮ್ಮ ಈ ದೇಶದಲ್ಲಿ 1999ರ ರಾಣಿ ದಿನದ ರಾತ್ರಿ ಫ್ರೀಸ್‌ಲ್ಯಾಂಡಿನ ಹಳ್ಳಿಯೊಂದರ ಹತ್ತಿರ ಹದಿನಾರರ ಹುಡುಗಿಯ ಕೊಲೆಯಾಯಿತು. ಇದು ಸರಣಿ ಕೊಲೆಯಲ್ಲ, ಆದರೂ ಹೇಳುತ್ತೇನೆ, ಬರಿಮಾರಿನ ಕಥೆ ಕೇಳಿದವರಿಗೆ ಇದು ಕೇಳಬೇಕು. ಹತ್ತಿರದ ಕೊಲ್ಲುಮ್‌ನಲ್ಲಿ ಆಶ್ರಯ ಕೋರಿ ಬಂದ ವಿದೇಶೀಯರ ಶಿಬಿರ ಇತ್ತು. ಕುತ್ತಿಗೆ ಕೊಯ್ದ ರೀತಿ ನಮ್ಮವರದ್ದಲ್ಲ, ಅವರದ್ದೇ ಎಂದು ಊರಿಗೆ ಊರೇ ನಂಬಿತು. ವರ್ಷಗಟ್ಟಲೆ ಆ ಮಾತು ನಡೆಯಿತು. 2012ರಲ್ಲಿ ಸಂಬಂಧಿಕರ ಡಿಎನ್‌ಎ ಮೂಲಕ ಹುಡುಕಲು ಕಾನೂನು ಅವಕಾಶ ಕೊಟ್ಟಿತು. ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿಯುವ ವೈ ವರ್ಣತಂತುವನ್ನು ನೋಡಿದರೆ, ಕೊಲೆಗಾರ ಬರದಿದ್ದರೂ ದಾಯಾದಿಯೊಬ್ಬ ಬಂದರೆ ಸಾಕು. ಸುತ್ತಲಿನ 8,000ಕ್ಕೂ ಹೆಚ್ಚು ಗಂಡಸರಿಗೆ ಕಾಗದ ಹೋಯಿತು, 6,500ಕ್ಕೂ ಹೆಚ್ಚು ಮಂದಿ ಬಂದು ಕೊಟ್ಟರು. ಅವರಲ್ಲೊಬ್ಬ, ಸ್ಥಳದಿಂದ ಎರಡೂವರೆ ಕಿಲೋಮೀಟರ್ ದೂರದ ಡಚ್ ರೈತ, ತಾನಾಗಿಯೇ ಬಂದು ಕೊಟ್ಟ ಮಾದರಿ ಪೂರ್ತಿ ಹೊಂದಿತು. ಹದಿನೆಂಟು ವರ್ಷ ಶಿಕ್ಷೆಯಾಯಿತು.

ಬರಿಮಾರಿನಲ್ಲೂ ಗುಲ್ಲು ಹೊರಗಿನವನತ್ತ ಬೆರಳು ತೋರಿಸಿತು, ದಾಖಲೆ ಅದೇ ತಾಲೂಕಿನ ಮೇಷ್ಟ್ರತ್ತ. ಫ್ರೀಸ್‌ಲ್ಯಾಂಡಿನಲ್ಲೂ ಹಾಗೆಯೇ. ಇಲ್ಲಿ ಹೊರಗಿನವರಾಗಿ ಬದುಕುತ್ತಿರುವ ನಮಗೆ ಇದು ಬರೀ ವಿಜ್ಞಾನದ ವಿಷಯವಲ್ಲ.

ಕ್ಯಾಲಿಫೋರ್ನಿಯಾದ ಜೋಸೆಫ್ ಡಿ ಆಂಜೆಲೊ ಪ್ರಕರಣ ನಿಮಗೆ ಗೊತ್ತಿರಬಹುದು: 1986ರಲ್ಲಿ ನಿಂತ ಅಪರಾಧಗಳಿಗೆ 2018ರಲ್ಲಿ ಬಂಧನ. ವಂಶವೃಕ್ಷ ಹುಡುಕುವವರು ಜಾಲತಾಣಕ್ಕೆ ಹಾಕಿದ ಡಿಎನ್‌ಎಯಲ್ಲಿ ದೂರದ ನೆಂಟರು ಸಿಕ್ಕಿ, ಅಲ್ಲಿಂದ ಕೆಳಗಿಳಿದು ಅವನನ್ನು ಹಿಡಿದರು. ಹದಿಮೂರು ಕೊಲೆ ಮಾಡಿದ ಆ ಮನುಷ್ಯ ಹಿಂದೆ ಪೊಲೀಸನಾಗಿದ್ದ ಎಂಬುದನ್ನೂ ನೆನಪಿಡಿ. ಅಮೆರಿಕದಲ್ಲಿ ಸರಣಿ ಹಂತಕರ ಸಂಖ್ಯೆ 1980ರ ದಶಕದಲ್ಲಿ ಏರಿ ಆಮೇಲೆ ಇಳಿದಿದೆ ಎಂದು ಲೆಕ್ಕ ಇಡುವವರು ಹೇಳುತ್ತಾರೆ. ಇದರಲ್ಲಿ ತಂತ್ರಜ್ಞಾನದ ಪಾಲು ಖಂಡಿತ ಇದೆ, ಮೊದಲ ಕೊಲೆಗೇ ಸಿಕ್ಕಿಬಿದ್ದವ ಸರಣಿ ಹಂತಕನಾಗುವುದೇ ಇಲ್ಲವಲ್ಲ. ಆದರೆ ಅದೇ ದೇಶದಲ್ಲಿ 1960ರ ದಶಕದ ಆರಂಭದಲ್ಲಿ ನೂರಕ್ಕೆ ತೊಂಬತ್ತರಷ್ಟು ಕೊಲೆಗಳಿಗೆ ಆರೋಪಿ ಸಿಗುತ್ತಿದ್ದರು. ಈಚಿನ ವರ್ಷಗಳಲ್ಲಿ ಅದು ಅರ್ಧದ ಆಸುಪಾಸಿಗೆ ಬಂದಿದೆ. ಇಂಡಿಯಾನಾದ ಗ್ಯಾರಿ ಊರಿನದ್ದು ಇನ್ನೂ ಬೇಸರದ ವಿಷಯ. ಥಾಮಸ್ ಹಾರ್ಗ್ರೋವ್ ಎಂಬ ಪತ್ರಕರ್ತ ಸರ್ಕಾರಿ ಅಂಕಿಅಂಶವನ್ನು ಕಂಪ್ಯೂಟರಿಗೆ ಕೊಟ್ಟು, ಅಲ್ಲಿ ಹೆಂಗಸರನ್ನು ಕತ್ತು ಹಿಸುಕಿ ಕೊಂದ ಪ್ರಕರಣಗಳು ಅಸಹಜವಾಗಿ ಹೆಚ್ಚಿವೆ ಎಂದು 2010ರಲ್ಲೇ ಪೊಲೀಸರಿಗೆ ಬರೆದರು. ಉತ್ತರ ಬರಲಿಲ್ಲ. 2014ರಲ್ಲಿ ಡ್ಯಾರೆನ್ ವ್ಯಾನ್ ಸಿಕ್ಕಾಗ ಅವನು ಹೇಳಿದ ಕೊಲೆಗಳಲ್ಲಿ ಆ ಪತ್ರದ ನಂತರದವೂ ಇದ್ದವು.

ಈಗ ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಆರ್ನೆಮ್‌ಗೆ ಬನ್ನಿ. ಅಲ್ಲಿಯ ನ್ಯಾಯಾಲಯ 2010ರ ಏಪ್ರಿಲ್ 14ರಂದು ಲೂಸಿಯಾ ಡೆ ಬರ್ಕ್ ಎಂಬ ನರ್ಸ್‌ನ್ನು ನಿರಪರಾಧಿ ಎಂದು ಸಾರಿತು. ಆಕೆ ಡೆನ್ ಹಾಗ್‌ನ ಮಕ್ಕಳ ಆಸ್ಪತ್ರೆಯಲ್ಲಿದ್ದವರು. 2001ರಲ್ಲಿ ಒಂದು ಮಗು ತೀರಿಕೊಂಡ ಮೇಲೆ, ಅನುಮಾನದ ಘಟನೆ ನಡೆದಾಗಲೆಲ್ಲ ಈಕೆಯೇ ಪಾಳಿಯಲ್ಲಿದ್ದರು ಎಂದು ಯಾರಿಗೋ ಕಂಡಿತು. ಇದು ಕಾಕತಾಳೀಯ ಆಗಿರುವ ಸಾಧ್ಯತೆ 34 ಕೋಟಿ 20 ಲಕ್ಷದಲ್ಲಿ ಒಂದು ಎಂಬ ಅಂಕಿ ನ್ಯಾಯಾಲಯಕ್ಕೆ ಬಂತು. 2003ರಲ್ಲಿ ಜೀವಾವಧಿ ಶಿಕ್ಷೆ.

ಲೆಕ್ಕ ತಪ್ಪಿದ್ದು ಎಲ್ಲಿ? ಯಾವ ಸಾವು ‘ಅನುಮಾನದ್ದು’ ಎಂದು ತೀರ್ಮಾನಿಸುವಾಗಲೇ ಆಕೆ ಪಾಳಿಯಲ್ಲಿದ್ದರೋ ಎಂದು ನೋಡಿಕೊಂಡಿದ್ದರು. ಆಕೆ ಇಲ್ಲದಾಗ ಆದದ್ದು ಸಹಜ ಸಾವು, ಇದ್ದಾಗ ಆದದ್ದು ಅನುಮಾನದ್ದು. ಬಾಣ ನೆಟ್ಟಲ್ಲಿ ಹೋಗಿ ಗುರಿಯ ಗೆರೆ ಎಳೆದ ಹಾಗೆ. ಆ ವಾರ್ಡಿನಲ್ಲಿ ಆಕೆ ಬರುವ ಮೊದಲಿನ ಮೂರು ವರ್ಷದಲ್ಲಿ ಏಳು ಸಾವಾಗಿತ್ತು, ಆಕೆ ಇದ್ದ ಮೂರು ವರ್ಷದಲ್ಲಿ ಆರು. ಇದನ್ನು ಮೊದಲೇ ಯಾರೂ ಮೇಜಿನ ಮೇಲೆ ಇಡಲಿಲ್ಲ. ಲೇಡನ್ನಿನ ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಗಿಲ್ ಮತ್ತು ಸಂಗಡಿಗರು ಮತ್ತೆ ಲೆಕ್ಕ ಹಾಕಿದಾಗ ಬಂದ ಅಂಕಿ 26ರಲ್ಲಿ ಒಂದು. 34 ಕೋಟಿ ಎಲ್ಲಿ, 26 ಎಲ್ಲಿ! ಸರಣಿ ಹಂತಕಿ ಇರಲಿಲ್ಲ ಮಾತ್ರವಲ್ಲ, ಕೊಲೆಯೇ ನಡೆದಿರಲಿಲ್ಲ. ಮಂಗಳೂರು, ಉಡುಪಿ ಕಡೆಯಿಂದ ಹೊರದೇಶಗಳಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್‌ಗಳು ನಮ್ಮಲ್ಲಿ ಎಷ್ಟೋ ಮಂದಿ. ಹೆಚ್ಚು ಪಾಳಿ ಮಾಡಿದವರ ಹೆಸರು ಯಾವ ಪಟ್ಟಿಯಲ್ಲೂ ಹೆಚ್ಚು ಸಲ ಬರುತ್ತದೆ.

ಬಸ್ ನಿಲ್ದಾಣದಲ್ಲಿ ಇಪ್ಪತ್ತು ಕೊಲೆ ನಡೆದು ಯಾರೂ ಎಣಿಸಲಿಲ್ಲ. ಡೆನ್ ಹಾಗ್‌ನಲ್ಲಿ ಒಂದೂ ಕೊಲೆ ನಡೆಯದೆ ಎಣಿಸಿಬಿಟ್ಟರು. ಎರಡೂ ಕಡೆ ತಪ್ಪಿದ್ದು ಯಾವ ಸಾವನ್ನು ಯಾವ ಕಡತಕ್ಕೆ ಹಾಕಬೇಕು ಎನ್ನುವ ಮೊದಲ ಹೆಜ್ಜೆ. ಅದನ್ನು ಇಂದಿಗೂ ಠಾಣೆಯ ಒಬ್ಬ ದಫೇದಾರ, ಆಸ್ಪತ್ರೆಯ ಒಬ್ಬ ಮೇಲ್ವಿಚಾರಕಿ, ಕೈಯಲ್ಲಿ ಪೆನ್ನು ಹಿಡಿದು ಮಾಡುತ್ತಾರೆ. ನಾವು ಬರೆಯುವ ಸಾಫ್ಟ್‌ವೇರ್ ಶುರುವಾಗುವುದು ಅದರ ನಂತರ.

ಭಾರತದಲ್ಲಿ ಈಗ ಏನಾಗಿದೆ ಎಂದು ಬೇಗ ಹೇಳಿಬಿಡುತ್ತೇನೆ. ಠಾಣೆಗಳ ಕಡತಗಳನ್ನು ಒಂದಕ್ಕೊಂದು ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2009ರ ಜೂನ್‌ನಲ್ಲಿ, ಬರಿಮಾರಿನ ಹುಡುಗಿ ಕಾಣೆಯಾದ ಅದೇ ತಿಂಗಳು. ಬೆರಳಚ್ಚಿನ ರಾಷ್ಟ್ರೀಯ ಭಂಡಾರ 2022ರಲ್ಲಿ ಬಂತು. ಕಾಣೆಯಾದವರ, ಗುರುತು ಸಿಗದ ಹೆಣಗಳ ಡಿಎನ್‌ಎಯನ್ನೂ ಇಡಬೇಕೆಂದಿದ್ದ ಡಿಎನ್‌ಎ ಮಸೂದೆಯನ್ನು 2023ರಲ್ಲಿ ಸರ್ಕಾರ ವಾಪಸು ಪಡೆಯಿತು. ಅದರಲ್ಲಿ ಖಾಸಗಿತನದ ಬಗ್ಗೆ ಇದ್ದ ಆತಂಕ ನನಗೂ ಸರಿ ಎನಿಸುತ್ತದೆ. ಆದರೆ ಗುರುತಿಲ್ಲದ ಹೆಣಕ್ಕೂ ಮಗಳನ್ನು ಹುಡುಕುವ ತಾಯಿಗೂ ಮಾತ್ರ ಒಂದು ಪುಟ್ಟ ಭಂಡಾರ ಮಾಡಲು ಅಷ್ಟು ಹೆದರಬೇಕಾಗಿರಲಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನದವರು ಸ್ಥಳಕ್ಕೆ ಬರಬೇಕು. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಸಮಯವಿದೆ. ಗಮನಿಸಿ, ‘ಅಪರಾಧವಾದರೆ’. ಯು.ಡಿ.ಆರ್. ಅಪರಾಧದ ಕಡತವಲ್ಲ.

ದೂರದಲ್ಲಿರುವ ನಮ್ಮಿಂದ ಆಗುವ ಒಂದು ಕೆಲಸವಿದೆ. ಊರಿನಲ್ಲಿ ಯಾರಾದರೂ ಕಾಣೆಯಾದಾಗ ಮನೆಯವರು ಮೊದಲು ಫೋನ್ ಮಾಡುವುದು ಹೊರದೇಶದ ಮಗನಿಗೋ ಅಕ್ಕನಿಗೋ. ಆಗ ‘ಎರಡು ದಿನ ನೋಡುವ, ಮರ್ಯಾದೆ ಪ್ರಶ್ನೆ’ ಎಂದು ಹೇಳುವವರೂ ಎಷ್ಟೋ ಸಲ ನಾವೇ. ಹಾಗೆ ಹೇಳಬೇಡಿ. ಅದೇ ದಿನ ಠಾಣೆಗೆ ಕಳಿಸಿ, ದೂರಿನ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ಫೋನ್ ನಂಬರು, ಅದರ ಐಎಂಇಐ, ಹಾಕಿಕೊಂಡಿದ್ದ ಒಡವೆಯ ವಿವರ, ಈಚಿನ ಫೋಟೋ ಕೊಡಿಸಿ. ಅಪರಾಧದ ಅನುಮಾನ ಇದ್ದರೆ ಹೊಸ ಸಂಹಿತೆಯ 173ನೆಯ ಕಲಮಿನಡಿ ಯಾವ ಠಾಣೆಯ ಸರಹದ್ದು ಎಂದು ನೋಡದೆ ಮಾಹಿತಿ ಕೊಡಬಹುದು, ವಿದ್ಯುನ್ಮಾನ ರೂಪದಲ್ಲೂ ಕಳಿಸಬಹುದು. ಕೊಟ್ಟವರು ಮೂರು ದಿನದೊಳಗೆ ಸಹಿ ಹಾಕಬೇಕು. ಹಾಗಾಗಿ ಇಲ್ಲಿಂದ ನೀವೇ ಕಳಿಸುವ ಬದಲು ಊರಿನಲ್ಲಿ ಸಹಿಗೆ ಹೋಗಬಲ್ಲವರ ಹೆಸರಿನಲ್ಲಿ ಕಳಿಸುವುದು ಒಳ್ಳೆಯದು. ಎರಡು ವಾರ ಕಳೆದರೂ ಕರೆಪಟ್ಟಿ ತರಿಸಿಲ್ಲವೆಂದರೆ ಜಿಲ್ಲಾ ಎಸ್ಪಿ ಕಚೇರಿಗೆ ಲಿಖಿತವಾಗಿ ಕೇಳಿ, ಬಸ್ ನಿಲ್ದಾಣದ ಸಿಸಿಟಿವಿ ಚಿತ್ರವನ್ನು ಅಳಿಯುವ ಮೊದಲು ತೆಗೆದಿಡಲು ಅದೇ ಪತ್ರದಲ್ಲಿ ಬರೆಯಿರಿ.

ಊಟದ ನಂತರ ನಾನು ಇಲ್ಲೇ ಇರುತ್ತೇನೆ. ಡಿಎನ್‌ಎ ವಿಷಯವಾಗಲಿ, ದೂರು ಬರೆಯುವ ವಿಷಯವಾಗಲಿ, ಬಂದು ಕೇಳಿ.